ಮೋಟರಿಗೆ ಫ್ಯೂಸ್ ಇದೆ, ಮೆಕ್ಯಾನಿಕ್‌ಗೆ?

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂತು ಅಂದ್ರೆ ಸಿಂಧನೂರಿನ ಟ್ರ್ಯಾಕ್ಟರ್ ಮೆಕ್ಯಾನಿಕ್‌ಗೆ ಊಟಕ್ಕೂ ಪುರುಸೊತ್ತಿಲ್ಲ. ಅದೇ ಹೊತ್ತಲ್ಲಿ ಕೈ ಮುರಿದರೆ?

ನಾನು ಮಾತಾಡಿಸಿದ ಒಬ್ಬರು ಎರಡು ತಿಂಗಳಿಂದ ಪ್ಲಾಸ್ಟರ್ ಹಾಕಿಕೊಂಡು ಕೂತಿದ್ದರು. "ಇನ್ಶೂರೆನ್ಸ್ ಐತ್ರಿ ಸರ್" ಅಂದರು. ಇತ್ತು, ನಿಜ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ. ಅಪಘಾತದಲ್ಲಿ ಸತ್ತರೆ 2 ಲಕ್ಷ, ಒಂದು ಕೈ ಶಾಶ್ವತವಾಗಿ ಹೋದರೆ 1 ಲಕ್ಷ. ಮುರಿದು ಮತ್ತೆ ಕೂಡುವ ಕೈಗೆ? ಒಂದು ಪೈಸೆಯೂ ಇಲ್ಲ.

ಹಾಗಂತ ಅದನ್ನು ಬಿಡಬೇಡಿ, ಅದರ ಮೇಲೆ ಇನ್ನೊಂದು ಸೇರಿಸಿ. 2021ರ ಏಪ್ರಿಲ್‌ನಿಂದ 'ಸರಳ ಸುರಕ್ಷಾ ಬಿಮಾ' ಬಂದಿದೆ. ಅದರಲ್ಲಿ ತಾತ್ಕಾಲಿಕವಾಗಿ ದುಡಿಯಲಾಗದ ಸ್ಥಿತಿಗೂ ಪರಿಹಾರದ ಆಯ್ಕೆ ಇದೆ. ಬಾಯಿಬಿಟ್ಟು ಕೇಳಿ ಬರೆಸಿಕೊಳ್ಳಿ. 10 ಲಕ್ಷದ ಪಾಲಿಸಿಗೆ ವಾರಕ್ಕೆ 2,000 ರೂಪಾಯಿ. ಕಾಯಿಲೆಗೆ ಇದು ಬರಲ್ಲ. ಅದಕ್ಕೆ ಸುಗ್ಗಿಯ ದುಡಿಮೆಯಲ್ಲಿ ಮೂರು ತಿಂಗಳ ಮನೆಖರ್ಚು ಬೇರೆ ಖಾತೆಯಲ್ಲಿರಲಿ. ದಿನದ ದುಡಿಮೆ ಬರೆದಿಡಿ, ಆದಾಯಕ್ಕೆ ದಾಖಲೆ ಬೇಕಾಗುತ್ತೆ.

ನಾನು ಇಂಜಿನಿಯರಿಂಗ್ ಓದಿದವನು. ಫ್ಯೂಸ್ ಇಲ್ಲದೆ ಮೋಟರ್ ಓಡಿಸಬಾರದು ಅಂತ ನಮಗೆ ಹೇಳಿಕೊಟ್ಟರು. ಆ ಮೋಟರ್ ರಿಪೇರಿ ಮಾಡುವವನನ್ನು ಮಾತ್ರ ಫ್ಯೂಸ್ ಇಲ್ಲದೇ ಓಡಿಸ್ತಿದ್ದೀವಿ.