ಕೊಬ್ಬಿನ ಮೇಷ್ಟ್ರು ಮತ್ತು ಒಂದು ಪೆನ್ಸಿಲ್

ಪದವಿ ಪಡೆದ ಮಕ್ಕಳೇ,

ಮೂವತ್ತು ವರ್ಷಕ್ಕೂ ಮೇಲೆ ಮೆದುಳಿನ ಕೊಬ್ಬಿನ ಜೊತೆ ಬಾಳಿದವಳು ನಾನು. ನನಗೆ ಗೊತ್ತಿರುವುದು ಅದೊಂದೇ, ಅದನ್ನೇ ಮಾತಾಡುತ್ತೇನೆ.

ನಾನು ಸಂಶೋಧನೆಗೆ ಸೇರಿದ ಕಾಲಕ್ಕೆ ಪ್ರೋಟೀನಿನವರಿಗೆ ಮಣೆ, ಕೊಬ್ಬಿನವರಿಗೆ ಮೂಲೆ. ನಮ್ಮ ಮೇಷ್ಟ್ರನ್ನು ಬೆನ್ನ ಹಿಂದೆ ‘ಕೊಬ್ಬಿನ ಮೇಷ್ಟ್ರು’ ಅನ್ನುತ್ತಿದ್ದರು. ಮೊದಲ ದಿನವೇ ಅವರು ನನ್ನನ್ನು ಮಟನ್ ಅಂಗಡಿಗೆ ಅಟ್ಟಿ ಕುರಿಯ ಮೆದುಳು ತರಿಸಿದರು. ಎರಡು ಪಾಲು ಕ್ಲೋರೋಫಾರ್ಮ್, ಒಂದು ಪಾಲು ಮೆಥನಾಲ್ ಹಾಕಿ ಅರೆದು, ಸೋಸಿ, ಆರಿಸಿ, ತಳದಲ್ಲಿ ಉಳಿದ ಹಳದಿ ಜಿಡ್ಡನ್ನು ತೂಗು ಅಂದರು. ತೂಗಿದೆ. “ನೀರು ತೆಗೆದ ಮೇಲೆ ಮೆದುಳಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ ಕಣಮ್ಮ. ಜನ ಇದನ್ನ ಚೆಲ್ಲಿ, ಮಿಕ್ಕಿದ್ದನ್ನ ಮೆದುಳು ಅಂತಾರೆ,” ಅಂದರು. ಮೈತೂಕದಲ್ಲಿ ನೂರಕ್ಕೆ ಎರಡು ಪಾಲಷ್ಟೇ ಇರುವ ಮೆದುಳು ದೇಹದ ಕೊಲೆಸ್ಟ್ರಾಲಿನ ಐದರಲ್ಲೊಂದು ಪಾಲಿಗೂ ಹೆಚ್ಚನ್ನು ಇಟ್ಟುಕೊಂಡಿದೆ ಎಂದು ತಿಳಿದದ್ದು ಆಮೇಲೆ.

ಅವರ ಇನ್ನೊಂದು ಕಟ್ಟಳೆ: ಟ್ಯೂಬಿನ ಮೇಲೆ ಪೆನ್ಸಿಲಿನಲ್ಲೇ ಬರೆಯಬೇಕು. ಕ್ಲೋರೋಫಾರ್ಮ್ ಒಂದು ಹನಿ ಬಿದ್ದರೂ ಪೆನ್ನಿನ ಶಾಯಿ ಮಾಯ. ಇವತ್ತು ಬೆಳಗ್ಗೆ ನಿಮ್ಮ ಪ್ರಯೋಗಾಲಯ ನೋಡಿ ಬಂದೆ. ಲಕ್ಷಗಟ್ಟಲೆ ಬೆಲೆಯ ಫ್ರೀಜರ್, ಒಳಗೆ ಅರ್ಧ ಅಳಿಸಿಹೋದ ಹೆಸರಿನ ಟ್ಯೂಬುಗಳು. ನಗಬೇಡಿ. ಒಂದು ಪೆನ್ಸಿಲ್ ಕೊಳ್ಳಿ.

1993ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಅಲೆನ್ ರೋಸಸ್ ಅವರ ತಂಡ ಒಂದು ಸಂಗತಿ ಕಂಡುಹಿಡಿಯಿತು. ಮುಪ್ಪಿನಲ್ಲಿ ಬರುವ ಆಲ್‌ಜೈಮರ್ ಕಾಯಿಲೆಗೂ ಅಪೊ-ಇ ಎಂಬ ಜೀನಿಗೂ ನಂಟಿದೆ ಎಂಬುದು. ಆ ಜೀನು ಮಾಡಿಸುವುದು ಅದೇ ಹೆಸರಿನ, ಕೊಬ್ಬು ಸಾಗಿಸುವ ಪ್ರೋಟೀನನ್ನು. ರಕ್ತದ ಕೊಲೆಸ್ಟ್ರಾಲಿಗೆ ಮೆದುಳಿನೊಳಗೆ ಪ್ರವೇಶವಿಲ್ಲ. ಮೆದುಳು ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳುತ್ತದೆ. ನರಕೋಶಗಳ ಪಕ್ಕದ, ಗ್ಲಿಯಾ ಜಾತಿಯ ಆಸ್ಟ್ರೊಸೈಟ್ ಕೋಶಗಳು ಅದನ್ನು ಅಪೊ-ಇ ಎಂಬ ಗಾಡಿಗೆ ಹೇರಿ ನರಕೋಶದ ಬಾಗಿಲಿಗೆ ಕಳಿಸುತ್ತವೆ. ಈ ಪ್ರೋಟೀನಿನಲ್ಲಿ 299 ಅಮೈನೋ ಆಮ್ಲಗಳು. ಅದರಲ್ಲಿ 112 ಮತ್ತು 158ನೆಯ ಜಾಗಗಳಲ್ಲಿ ಏನು ಕೂತಿದೆ ಎಂಬುದರ ಮೇಲೆ ಇ2, ಇ3, ಇ4 ಎಂದು ಮೂರು ಬಗೆ. ಹೆಚ್ಚು ಜನರಲ್ಲಿರುವುದು ಇ3. ಇ4 ಇದ್ದರೆ ಕಾಯಿಲೆಯ ಅಪಾಯ ಹೆಚ್ಚು, ಇ2 ಇದ್ದರೆ ಕಡಿಮೆ.

ಆ ಪ್ರಬಂಧದ ಜೆರಾಕ್ಸ್ ಹಿಡಿದು ಮೇಷ್ಟ್ರು ಕಾರಿಡಾರಿನಲ್ಲಿ ಹೆಚ್ಚುಕಡಿಮೆ ಓಡಿ ಬಂದರು. “1907ರಲ್ಲಿ ಆಲ್‌ಜೈಮರನೇ ಬರೆದಿದ್ದಾನಲ್ಲಮ್ಮ, ಗ್ಲಿಯಾ ಕೋಶಗಳಲ್ಲಿ ಕೊಬ್ಬು ತುಂಬಿದೆ ಅಂತ! ಯಾರು ಓದಿದರು?” ಅವರ ಸಿಟ್ಟು ನ್ಯಾಯವಾದದ್ದು. ಆ ವರದಿಯಲ್ಲಿದ್ದ ಗಂಟು, ಕಲೆಗಳ ಹಿಂದೆ ಎಲ್ಲರೂ ಹೋದರು, ಕೊಬ್ಬು ಅಲ್ಲೇ ಉಳಿಯಿತು. ಇ4 ಇರುವ ಗ್ಲಿಯಾ ಕೋಶಗಳಲ್ಲಿ ಕೊಬ್ಬು ಜಮೆಯಾಗುವುದನ್ನು ಈಗೀಗ ಎಲ್ಲರೂ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾರೆ. ಅದನ್ನು ನೋಡಲು ಮೇಷ್ಟ್ರಿಲ್ಲ.

ಮುಂದೆ ನಾವೂ ಅಪೊ-ಇ ಯಾವ ಬಗೆಯದೆಂದು ಗುರುತಿಸುವ ಪರೀಕ್ಷೆ ಕಲಿತೆವು. ವಿಧಾನ ಸರಿಯಿದೆಯೇ ಎಂದು ನೋಡಲು ಪ್ರಯೋಗಾಲಯದವರೇ ರಕ್ತ ಕೊಟ್ಟೆವು. ಹೆಸರಿಲ್ಲ, ಬರೀ ಸಂಖ್ಯೆ. ಆದರೆ ಒಂದು ಟ್ಯೂಬಿನ ಮೇಲೆ ಏಳು ಎಂಬ ಅಂಕಿಯ ಬಾಲ ಉದ್ದಕ್ಕೆ ಇಳಿದಿತ್ತು, ಪೆನ್ಸಿಲಿನಲ್ಲಿ. ಯಾರದೆಂದು ನನಗೆ ತಿಳಿದುಹೋಯಿತು. ಫಲಿತಾಂಶವೂ ತಿಳಿಯಿತು. ಮೇಷ್ಟ್ರು ಎಂದೂ ಕೇಳಲಿಲ್ಲ, ನಾನು ಹೇಳಲಿಲ್ಲ. ಅವರು ತೀರಿಕೊಂಡು ಬಹಳ ವರ್ಷವಾಯಿತು, ಇವತ್ತೂ ಹೇಳುವುದಿಲ್ಲ.

ನೀವೋ, ಜೀನ್ ಪರೀಕ್ಷೆಗೆಂದು ಎಂಜಲನ್ನು ಡಬ್ಬಿಗೆ ಉಗುಳಿ ಕೊರಿಯರ್ ಮಾಡಿ, ಬಂದ ವರದಿಯನ್ನು ಸ್ಟೇಟಸ್‌ಗೆ ಹಾಕುತ್ತೀರಿ! ನಿಮ್ಮ ಜೀನು ನಿಮ್ಮೊಬ್ಬರದಲ್ಲ. ಅದರಲ್ಲಿ ಅಪ್ಪನ ಪಾಲಿದೆ, ಅಕ್ಕನ ಪಾಲೂ ಇದೆ, ಅವರನ್ನು ಕೇಳಿದಿರಾ? ಡಿಎನ್‌ಎ ರಚನೆ ಕಂಡ ಜೇಮ್ಸ್ ವಾಟ್ಸನ್ 2007ರಲ್ಲಿ ತಮ್ಮ ಇಡೀ ಜೀನೋಮ್ ಬಹಿರಂಗಪಡಿಸಲು ಒಪ್ಪಿದರು, ಅಪೊ-ಇ ಒಂದನ್ನು ಬಿಟ್ಟು. ಅದನ್ನು ತಿಳಿಯಲು ಅವರಿಗೇ ಮನಸ್ಸಿರಲಿಲ್ಲ.

ತಿಳಿದರೂ ಏನು ತಿಳಿದಂತಾಯಿತು? ಅಪೊ-ಇ ಜೀನಿನ ಎರಡು ಪ್ರತಿಗಳಲ್ಲಿ ಒಂದು ಇ4 ಇದ್ದರೆ ಅಪಾಯ ಸುಮಾರು ಮೂರು ಪಟ್ಟು, ಎರಡಿದ್ದರೆ ಎಂಟರಿಂದ ಹನ್ನೆರಡು ಪಟ್ಟು ಎನ್ನುವುದು ಬಹುಪಾಲು ಯುರೋಪು ಮೂಲದವರ ಲೆಕ್ಕ. ಆಫ್ರಿಕಾ ಮೂಲದವರಲ್ಲಿ ಇದೇ ಇ4ರ ಪ್ರಭಾವ ಕಡಿಮೆ. ಇ4 ಇದ್ದೂ ತೊಂಬತ್ತು ದಾಟಿ ಲೆಕ್ಕ ತಪ್ಪದವರಿದ್ದಾರೆ, ಇಲ್ಲದೆಯೂ ಮಕ್ಕಳ ಹೆಸರು ಮರೆತವರಿದ್ದಾರೆ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ನಡೆದ ಅಧ್ಯಯನದಲ್ಲಿ ಅಮೆರಿಕದ ಜನರಿಗಿಂತ ಇ4 ಕಡಿಮೆ ಕಂಡಿತು. ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ದಾಟಿದ ಹಳ್ಳಿಗರನ್ನು ವರ್ಷಗಟ್ಟಲೆ ಗಮನಿಸುವ ಕೆಲಸವನ್ನು ಬೆಂಗಳೂರಿನ ಮೆದುಳು ಸಂಶೋಧನಾ ಕೇಂದ್ರ ಹಿಡಿದಿದೆ. ನಮ್ಮ ಲೆಕ್ಕ ಅಂಥ ಕಡೆಯಿಂದಲೇ ಬರಬೇಕು. ಅಲ್ಲಿಯವರೆಗೆ ಜೀನಿಗೆ ಹಣೆಬರಹ ಅನ್ನಬೇಡಿ. ಈ ಕಾಯಿಲೆಯ ಹೊಸ ಆಂಟಿಬಾಡಿ ಔಷಧ ಕೊಡುವ ಮುಂಚೆ ವೈದ್ಯರು ಕೇಳಿದರೆ ಮಾತ್ರ ಪರೀಕ್ಷೆ ಮಾಡಿಸಿ. ಎರಡು ಇ4 ಇರುವವರಿಗೆ ಆ ಔಷಧದಿಂದ ಮೆದುಳಿನಲ್ಲಿ ಬಾವು, ರಕ್ತಸ್ರಾವದ ಅಪಾಯ ಹೆಚ್ಚು.

ಮೂವತ್ತು ವರ್ಷದಿಂದ ನಾನು ಜಗಳವಾಡುತ್ತಿರುವ ಒಂದು ಮಾತಿದೆ: ಅರಳುಮರಳು. ನನ್ನ ಅಮ್ಮ ಹಾಲು ಒಲೆ ಮೇಲಿಟ್ಟು ಮರೆತಾಗ, ಕತ್ತಲಲ್ಲಿ ಬಾಗಿಲು ತೆಗೆದು ತವರಿಗೆ ಹೊರಟಾಗ, ನಮ್ಮನೆಯವರು ಅಂದದ್ದು ಅದನ್ನೇ. ಒಬ್ಬ ವೈದ್ಯರೂ ಅಂದರು. ಮೂರು ವರ್ಷ ಹಾಗೇ ಹೋಯಿತು. ಮೆದುಳಿನ ವಿಷಯ ಓದಿದವಳು ನಾನು, ಮನೆಯಲ್ಲಿ ನಾನೂ ಸುಮ್ಮನಿದ್ದೆ. ಅಮ್ಮನ ಅಪೊ-ಇ ನಾನು ನೋಡಲೇ ಇಲ್ಲ. ನೋಡಿದ್ದರೂ ಅವಳ ಸ್ನಾನ, ಊಟ, ರಾತ್ರಿಗಳು ಏನೂ ಬದಲಾಗುತ್ತಿರಲಿಲ್ಲ. ಬೇಗ ವೈದ್ಯರ ಹತ್ತಿರ ಕರೆದೊಯ್ದಿದ್ದರೆ ಸ್ವಲ್ಪ ಬದಲಾಗುತ್ತಿತ್ತು.

ನಮ್ಮ ದೇಶದಲ್ಲಿ ಅರವತ್ತು ದಾಟಿದವರ ಪೈಕಿ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇದೆಯೆಂದು ಅಂದಾಜು. ಅವರಲ್ಲಿ ಕೆಲವರಾದರೂ ನಿಮ್ಮ ಬೀದಿಯಲ್ಲಿದ್ದಾರೆ. ಈ ಗೌನು ಹಿಂದಿರುಗಿಸಿ ಊರಿಗೆ ಹೋದಾಗ ಅಜ್ಜಿಯ ಬಿಪಿ, ಸಕ್ಕರೆ ನೋಡಿಸಿ. ಅಜ್ಜನಿಗೆ ಕಿವಿ ಮಂದವಾಗಿದ್ದರೆ ಯಂತ್ರ ಹಾಕಿಸಿ, ಕಿವುಡೂ ಈ ಕಾಯಿಲೆಗೆ ದಾರಿ. ಹೇಳಿದ್ದನ್ನೇ ಹೇಳುತ್ತಿದ್ದರೆ, ದಾರಿ ತಪ್ಪುತ್ತಿದ್ದರೆ, ಮನೆಯಲ್ಲಿ ಯಾರಾದರೂ “ಅರಳುಮರಳು ಬಿಡು” ಅಂದರೆ, ಬಿಡಬೇಡಿ. ಮರುದಿನವೇ ಬಸ್ಸು ಹತ್ತಿಸಿ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.