ಹೆಸರೊಂದು, ಉದ್ಯೋಗ ಹಲವು
(ಠಾಕುರ್ಲಿಯಲ್ಲಿ ನಮ್ಮ ಉಚಿತ ವಾಚನಾಲಯದ ಓದುಗರ ಕೂಟದಲ್ಲಿ ಮಾಡಿದ ಭಾಷಣ)



ಒಂದು ಪತ್ರದ ಸಂಗತಿಯಿಂದ ಪ್ರಾರಂಭಿಸುತ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮ ನೆರೆಯ ಚಾಳಿನಲ್ಲಿ ಇಬ್ಬರು ಜೋಶಿಯವರಿದ್ದರು. ಒಬ್ಬರು ಗದಗಿನ ಕಡೆಯವರು, ಇನ್ನೊಬ್ಬರು ರತ್ನಾಗಿರಿಯವರು. ಗದಗಿನವರ ಮಗ ಇಲೆಕ್ಟ್ರಾನಿಕ್ಸ್ ಕಲಿತು ಒಂದು ಕಾರಖಾನೆಗೆ ಅರ್ಜಿ ಹಾಕಿದ್ದ. ಸಂದರ್ಶನಕ್ಕೆ ಕರೆದ ಪತ್ರವೂ ಬಂದಿತು. ಆದರೆ ಬಂದದ್ದು ರತ್ನಾಗಿರಿಯವರ ಖೋಲಿಗೆ. ಅವರು ಊರಿಗೆ ಹೋಗಿದ್ದರು. ಬೀಗ ತೆಗೆದು ಪತ್ರವನ್ನು ಕಂಡು ಓಡಿ ಬಂದು ಕೊಡುವಷ್ಟರಲ್ಲಿ ಸಂದರ್ಶನದ ತಾರೀಖು ಕಳೆದು ನಾಲ್ಕು ದಿನವಾಗಿತ್ತು. ಅಂಚೆಯವನನ್ನು ಬೈದು ಫಲವಿಲ್ಲ. ಹುಡುಗನು ಅರ್ಜಿಯಲ್ಲಿ ಖೋಲಿಯ ನಂಬರನ್ನೇ ಬರೆದಿರಲಿಲ್ಲ.

ಇದಕ್ಕಿಂತ ಹೆಚ್ಚು ನಾಚಿಕೆಯ ಮಾತು ಬೇರೆ ಇದೆ. ಆ ರತ್ನಾಗಿರಿಯವರು ಇಪ್ಪತ್ತು ವರ್ಷ ಇಂಥದೇ ಕಾರಖಾನೆಯಲ್ಲಿ ದುಡಿದವರು. ಗೋಡೆಗೆ ಗೋಡೆ ಹತ್ತಿದ ಮನೆ. ಹನ್ನೊಂದು ವರ್ಷದ ನೆರೆ. ಆದರೂ ಅವರ ಉದ್ಯೋಗವೇನೆಂದು ನಮ್ಮವರು ಕೇಳಿರಲಿಲ್ಲ. ಹೆಸರು ಗೊತ್ತಾಯಿತು, ಸಾಕು ಎಂದು ಸುಮ್ಮನಿದ್ದರು.

ಹೆಸರಿನಿಂದ ಮನುಷ್ಯನನ್ನು ಎಷ್ಟು ಅರಿಯಬಹುದು? ಜೋಶಿ ಎಂದರೆ ಜ್ಯೋತಿಷಿ, ಪಂಚಾಂಗ ನೋಡುವವನು. ಮೈಸೂರು ಸೀಮೆಯ ಜೋಯಿಸ ಎಂಬುದೂ ಇದೇ ಮಾತು. ಕುಲಕರ್ಣಿ ಎಂದರೆ ಊರ ಲೆಕ್ಕ ಬರೆಯುವವನು. ಪಾಟೀಲನೆಂದರೆ ಊರ ಗೌಡ. ಕೆಲಸದಿಂದ ಹುಟ್ಟಿದ ಈ ಅಡ್ಡಹೆಸರುಗಳು ಕನ್ನಡ, ಮರಾಠಿ ಎರಡೂ ಸೀಮೆಗಳಲ್ಲಿ ಹಬ್ಬಿವೆ. ಕೆಲಸ ಬಿಟ್ಟುಹೋದರೂ ಹೆಸರು ಉಳಿದಿದೆ. ಈ ಒಂದು ಜೋಶಿ ಎಂಬ ಹೆಸರನ್ನೇ ಹಿಡಿದು ನೋಡೋಣ.

ನಮ್ಮ ಮುಂದಿನ ಸ್ಟೇಶನ್ನು ಕಲ್ಯಾಣ. ಅಲ್ಲಿ 1865ರಲ್ಲಿ ಯಮುನಾ ಜೋಶಿ ಎಂಬ ಹುಡುಗಿ ಹುಟ್ಟಿದಳು. ಒಂಬತ್ತನೆಯ ವಯಸ್ಸಿಗೆ ಗೋಪಾಲರಾವ ಜೋಶಿಯವರೊಂದಿಗೆ ಮದುವೆಯಾಗಿ ಆನಂದಿಬಾಯಿಯಾದಳು. ಗೋಪಾಲರಾಯರು ಅಂಚೆ ಇಲಾಖೆಯ ಗುಮಾಸ್ತರು, ನಮ್ಮಂಥ ಪಗಾರದ ಮನುಷ್ಯರು. ಹದಿನಾಲ್ಕನೆಯ ವಯಸ್ಸಿಗೆ ಹೆತ್ತ ಕೂಸು ಹತ್ತು ದಿನ ಬದುಕಿತು. ಆ ದುಃಖವೇ ಆಕೆಯನ್ನು ವೈದ್ಯವಿದ್ಯೆಗೆ ಹಚ್ಚಿತು. 1883ರಲ್ಲಿ ಹಡಗು ಹತ್ತಿ ಅಮೇರಿಕೆಯ ಫಿಲಡೆಲ್ಫಿಯಾಕ್ಕೆ ಹೋಗಿ, 1886ರಲ್ಲಿ ಡಾಕ್ಟರಾದರು. ಕೊಲ್ಹಾಪುರದ ಆಸ್ಪತ್ರೆಯಲ್ಲಿ ಸ್ತ್ರೀಯರ ವಿಭಾಗಕ್ಕೆ ನೇಮಕವೂ ಆಯಿತು. ಆದರೆ 1887ರ ಫೆಬ್ರುವರಿಯಲ್ಲಿ ಕ್ಷಯದಿಂದ ಪುಣೆಯಲ್ಲಿ ತೀರಿಕೊಂಡರು. ಆಗ ಇಪ್ಪತ್ತೆರಡು ಕೂಡ ತುಂಬಿರಲಿಲ್ಲ.

ಅದೇ ಫಿಲಡೆಲ್ಫಿಯಾಕ್ಕೆ ಮುಂದೆ ಮತ್ತೊಬ್ಬ ಜೋಶಿಯವರು ಹೋದರು. ಅವರು 1929ರಲ್ಲಿ ಪುಣೆಯಲ್ಲಿ ಹುಟ್ಟಿದ ಅರವಿಂದ ಜೋಶಿ. ಪುಣೆಯಲ್ಲಿ ವಿದ್ಯುತ್ ಇಂಜಿನಿಯರಿಂಗ್, ನಮ್ಮ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಸಂಪರ್ಕ ಇಂಜಿನಿಯರಿಂಗ್ ಕಲಿತು, 1960ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು ಅಲ್ಲಿಯೇ ಪ್ರಾಧ್ಯಾಪಕರಾದರು. ಮನುಷ್ಯರ ಮಾತಿನ ಕಟ್ಟನ್ನು ಗಣಕಯಂತ್ರಕ್ಕೆ ತಿಳಿಸಲು, ವಾಕ್ಯಗಳನ್ನು ಗಿಡದ ಟೊಂಗೆಗಳಂತೆ ಜೋಡಿಸುವ ಒಂದು ವ್ಯಾಕರಣವನ್ನೇ ರೂಪಿಸಿದರು. ಅವರು 2017ರಲ್ಲಿ ತೀರಿಕೊಂಡರು.

ನಮ್ಮ ಗದಗಿನ ಸೀಮೆಯ ಭೀಮಸೇನ ಜೋಶಿಯವರನ್ನು ಯಾರು ಅರಿಯರು? 1922ರಲ್ಲಿ ಹುಟ್ಟಿದ ಅವರು ಶಾಲಾಮಾಸ್ತರರ ಮಗ. ಗುರುವನ್ನು ಹುಡುಕುತ್ತ ಹನ್ನೊಂದರ ವಯಸ್ಸಿಗೆ ಮನೆ ಬಿಟ್ಟು ರೈಲು ಹತ್ತಿದರು. ಕೊನೆಗೆ ಗುರು ಸಿಕ್ಕಿದ್ದು ಮನೆಯ ಸಮೀಪವೇ, ಕುಂದಗೋಳದ ಸವಾಯಿ ಗಂಧರ್ವರು. ಭೀಮಸೇನರಿಗೆ 2008ರಲ್ಲಿ ಭಾರತರತ್ನ ಸಂದಿತು. ಧಾರವಾಡದ ಶಂ. ಬಾ. ಜೋಶಿಯವರು ಶಾಲೆಯಲ್ಲಿ ಕನ್ನಡ ಕಲಿಸುತ್ತಲೇ ಮಹಾರಾಷ್ಟ್ರದ ಊರುಗಳ ಹೆಸರಿನಲ್ಲಿ ಅಡಗಿದ ಕನ್ನಡವನ್ನು ಶೋಧಿಸಿದರು. ಗುಜರಾತಿನ ಕವಿ ಉಮಾಶಂಕರ ಜೋಶಿಯವರು 1967ರ ಜ್ಞಾನಪೀಠವನ್ನು ನಮ್ಮ ಕುವೆಂಪು ಅವರೊಡನೆ ಹಂಚಿಕೊಂಡರು.

ಇನ್ನು ದುಡಿಯುವ ನಾವು ಮರೆಯಬಾರದವರು ನಾರಾಯಣ ಮಲ್ಹಾರ ಜೋಶಿ. ಅವರು ಮುಂಬಯಿಯಲ್ಲಿ 1911ರಲ್ಲಿ ಸೋಶಿಯಲ್ ಸರ್ವಿಸ್ ಲೀಗ್ ಸ್ಥಾಪಿಸಿದರು. ಗಿರಣಿ ಕೆಲಸಗಾರರಿಗೆ ರಾತ್ರಿಶಾಲೆ, ಪುಸ್ತಕಾಲಯಗಳನ್ನು ನಡೆಸಿದ ಸಂಸ್ಥೆಯಿದು. ನಾವು ಕುಳಿತಿರುವ ಇಂಥ ವಾಚನಾಲಯಕ್ಕೆ ಅದು ಹಿರಿಯಣ್ಣನೆನ್ನಬೇಕು. 1920ರಲ್ಲಿ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ಸನ್ನು ಕಟ್ಟಿದವರಲ್ಲಿಯೂ ಅವರೊಬ್ಬರು. ಲೋವರ್ ಪರಳದಲ್ಲಿ ಹಿಂದೆ ಡಿಲೈಲ್ ರೋಡ್ ಎನಿಸಿದ ರಸ್ತೆಗೆ ಇಂದು ಅವರದೇ ಹೆಸರು.

ನೋಡಿರಿ, ಒಬ್ಬರು ಡಾಕ್ಟರು, ಒಬ್ಬರು ಯಂತ್ರವಿದ್ಯೆಯವರು, ಒಬ್ಬರು ಗಾಯಕರು, ಒಬ್ಬರು ಕಾರ್ಮಿಕರ ಮುಂದಾಳು. ಇವರಲ್ಲಿ ಪಂಚಾಂಗ ನೋಡಿ ಹೊಟ್ಟೆ ಹೊರೆದವರು ಒಬ್ಬರೂ ಇಲ್ಲ. ಹೆಸರು ಅಜ್ಜ ಮುತ್ತಜ್ಜರಿಂದ ಬಂದದ್ದು. ಉದ್ಯೋಗ ಅವರವರೇ ಕಷ್ಟಪಟ್ಟು ಗಳಿಸಿದ್ದು. ಹೀಗಿರಲು ನಮ್ಮ ಮಕ್ಕಳಿಗೆ "ಅದು ನಮ್ಮಂಥವರ ಕೆಲಸವಲ್ಲ" ಎಂದು ನಾವು ಯಾವ ಬಾಯಿಂದ ಹೇಳಬೇಕು?

ಆದಕಾರಣ ಎರಡು ಸೂಚನೆಗಳನ್ನು ಸಭೆಯ ಮುಂದಿಡುತ್ತೇವೆ. ಮೊದಲನೆಯದು: ಅರ್ಜಿ ಬರೆಯುವಾಗ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಖೋಲಿಯ ನಂಬರು ಎಲ್ಲವನ್ನೂ ಪೂರ್ಣವಾಗಿ ಬರೆಯಬೇಕು. ಮೈಸೂರು ಕಡೆಯ ಬಂಧುಗಳು ಅಡ್ಡಹೆಸರಿನ ಖಾನೆಯಲ್ಲಿ ಒಮ್ಮೆ ಊರು, ಒಮ್ಮೆ ತಂದೆಯ ಹೆಸರು ಬರೆಯದೆ, ಎಲ್ಲ ಕಾಗದಗಳಲ್ಲಿಯೂ ಒಂದೇ ರೀತಿ ಇಡಬೇಕು. ಎರಡನೆಯದು: ನಮ್ಮ ವಾಚನಾಲಯದ ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ ಇನ್ನೊಂದು ಖಾನೆ ಎಳೆಯೋಣ. ಒಪ್ಪುವವರು ಅದರಲ್ಲಿ ತಮ್ಮ ಉದ್ಯೋಗವನ್ನು ಬರೆಯಲಿ. ಆಸ್ಪತ್ರೆಯ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಸಹಾಯಕರಿರಲಿ, ಹೊಟೇಲಿನ ಮಾಣಿ ಇರಲಿ, ರೈಲ್ವೆಯ ಫಿಟ್ಟರಿರಲಿ, ಸಂಕೋಚ ಬೇಡ. ದಾರಿ ಕೇಳುವ ಹುಡುಗನಿಗೆ ಆ ದಾರಿಯನ್ನು ನಡೆದವರು ಯಾರೆಂದು ತಿಳಿಯಬೇಕು.

ಆ ಪತ್ರದ ಹುಡುಗ ಏನಾದನೆಂದು ತಾವು ಕೇಳಬಹುದು. ಪತ್ರ ತಂದುಕೊಟ್ಟ ರತ್ನಾಗಿರಿಯವರೇ ಮನಸ್ಸಿಗೆ ಹಚ್ಚಿಕೊಂಡು, ಆರು ತಿಂಗಳು ಸಂಜೆ ಅವನನ್ನು ಕೂಡಿಸಿಕೊಂಡು ಕಲಿಸಿದರು. ಬೇರೊಂದು ಕಡೆ ಅವನಿಗೆ ಕೆಲಸವಾಯಿತು. ಅವರಿಬ್ಬರ ಹೆಸರು ಹನ್ನೊಂದು ವರ್ಷವೂ ಒಂದೇ ಆಗಿತ್ತು. ಪರಿಚಯವಾದದ್ದು ಮಾತ್ರ ಆ ದಿನ.