ಎಂಟೆಕ್ ಅಂದ್ರೆ ವೇಟಿಂಗ್ ರೂಮಾ?



ಸಿದ್ದಾಪುರ ಅಂದ ತಕ್ಷಣ ನಿಮ್ಮಲ್ಲಿ ಅನೇಕರಿಗೆ ಉತ್ತರ ಕನ್ನಡದ ಸಿದ್ದಾಪುರ ನೆನಪಾಗುತ್ತದೆ. ಇನ್ನು ಕೆಲವರಿಗೆ ಕೊಡಗಿನದ್ದು. ನಾನಿವತ್ತು ಮಾತಾಡ್ತಿರೋದು ಕೊಪ್ಪಳ ಜಿಲ್ಲೆಯ ಸಿದ್ದಾಪುರದ ಬಗ್ಗೆ. ಮೊದಲು ಗಂಗಾವತಿ ತಾಲ್ಲೂಕಿನಲ್ಲಿತ್ತು, ಈಗ ಕಾರಟಗಿ ತಾಲ್ಲೂಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದು ಭತ್ತ ಬೆಳೆಯುವ ಸೀಮೆ. ನೀವು ಬೆಂಗಳೂರಿನಲ್ಲಿ ಕೂತು ಉಣ್ಣುವ ಸೋನಾ ಮಸೂರಿ ಬರೋದು ಈ ಭಾಗದಿಂದಲೇ.

ಇಂಥ ಊರಿನ ಒಂದು ಮನೆ ಕಲ್ಪಿಸಿಕೊಳ್ಳಿ. ಅಪ್ಪನಿಗೆ ನಾಲ್ಕು ಎಕರೆ ಗದ್ದೆ. ಸಾಲ ಮಾಡಿ ಮಗಳನ್ನು ಸಿವಿಲ್ ಇಂಜಿನಿಯರಿಂಗ್ ಓದಿಸಿದ್ದಾನೆ. ರಿಸಲ್ಟ್ ಬಂತು. ಮಗಳು ಹೇಳ್ತಾಳೆ, ‘ಅಪ್ಪಾ, ಎಂಟೆಕ್ ಮಾಡ್ತೀನಿ.’ ಅಪ್ಪ ಕೇಳ್ತಾನೆ, ‘ಮತ್ತ ಎರಡು ವರ್ಷ ಏನ್ ಓದ್ತೀಯವ್ವಾ? ಇಂಜಿನಿಯರ್ ಆಗೀಯಲ್ಲ?’

ಈ ಪ್ರಶ್ನೆಗೆ ನಗಬೇಡಿ. ಹಳ್ಳಿಯವನಿಗೆ ಏನು ಗೊತ್ತು ಅಂತ ತಳ್ಳಿಹಾಕಬೇಡಿ. ಇವತ್ತು ಎಂಟೆಕ್ ಸೇರುವ ಪ್ರತಿಯೊಬ್ಬರೂ ಉತ್ತರ ಕೊಡಲೇಬೇಕಾದ ಪ್ರಶ್ನೆ ಇದು. ಏನು ಓದ್ತೀಯ? ಯಾಕೆ ಓದ್ತೀಯ?

ಬಹಳಷ್ಟು ಜನರ ನಿಜವಾದ ಉತ್ತರ ಏನು ಗೊತ್ತಾ? ‘ಕ್ಯಾಂಪಸ್‌ನಲ್ಲಿ ಕೆಲಸ ಆಗಲಿಲ್ಲ. ಮನೆಯಲ್ಲಿ ಸುಮ್ನೆ ಕೂರೋಕಾಗಲ್ಲ. ಊರಲ್ಲಿ ಕೇಳ್ತಾರೆ. ಅದಕ್ಕೆ ಎಂಟೆಕ್.’ ಅಂದ್ರೆ ಎಂಟೆಕ್ ಅನ್ನೋದು ರೈಲ್ವೆ ಸ್ಟೇಷನ್ನಿನ ವೇಟಿಂಗ್ ರೂಮ್ ಆಗಿಬಿಟ್ಟಿದೆ. ರೈಲು ಬರೋವರೆಗೆ ಕೂತಿರೋದು. ಹಾಜರಾತಿಗೆ ಕಾಲೇಜು, ಪ್ರಾಜೆಕ್ಟಿಗೆ ದುಡ್ಡು ಕೊಟ್ಟರೆ ಮಾಡಿಕೊಡುವ ಅಂಗಡಿ. ಎರಡು ವರ್ಷ ಕಳೆದು ಹೊರಗೆ ಬಂದಾಗ ಕೈಯಲ್ಲಿ ಇನ್ನೊಂದು ಸರ್ಟಿಫಿಕೇಟು, ಅಪ್ಪನ ತಲೆ ಮೇಲೆ ಇನ್ನೊಂದು ಸಾಲ. ಇದೆಲ್ಲ ನೋಡಿಯೇ ಮಕ್ಕಳು ಎಂಟೆಕ್ ಕಡೆ ಮುಖ ತಿರುಗಿಸಿದ್ದಾರೆ. ಎಷ್ಟೋ ಖಾಸಗಿ ಕಾಲೇಜುಗಳಲ್ಲಿ ಸೀಟು ಖಾಲಿ ಬಿದ್ದಿವೆ.

ಹಾಗಾದ್ರೆ ಎಂಟೆಕ್ ದಂಡವಾ? ಅಲ್ಲ. ಖಂಡಿತ ಅಲ್ಲ.

2024ರ ಆಗಸ್ಟ್ 10ರ ರಾತ್ರಿ ನೆನಪು ಮಾಡಿಕೊಳ್ಳಿ. ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೇ ಗೇಟಿನ ಚೈನ್ ಕಟ್ ಆಯ್ತು. ಗೇಟು ಕೊಚ್ಚಿಹೋಯ್ತು. ತುಂಬಿ ನಿಂತಿದ್ದ ಜಲಾಶಯದಿಂದ ನೀರು ನದಿಗೆ ಹರಿಯಿತು. ಕೊಪ್ಪಳ, ರಾಯಚೂರು, ಬಳ್ಳಾರಿ, ವಿಜಯನಗರ, ಅತ್ತ ಆಂಧ್ರ, ತೆಲಂಗಾಣ, ಎಲ್ಲ ಕಡೆ ರೈತರು ನಿದ್ದೆ ಮಾಡಲಿಲ್ಲ. ಆಗ ಎಲ್ಲರ ಬಾಯಲ್ಲಿ ಒಂದೇ ಹೆಸರು: ಕನ್ನಯ್ಯ ನಾಯ್ಡು. ಗೇಟುಗಳ ಕೆಲಸದಲ್ಲಿ ಆಯುಷ್ಯ ಸವೆಸಿದ ಹಿರಿಯ ತಜ್ಞ. ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಿದರು. ಒಂದು ವಾರದೊಳಗೆ.

ಅವತ್ತು ನನ್ನನ್ನು ಕಾಡಿದ್ದು ಒಂದೇ ಮಾತು. ನಮ್ಮಲ್ಲಿ ವರ್ಷ ವರ್ಷ ಸಾವಿರಾರು ಇಂಜಿನಿಯರ್‌ಗಳು ಹೊರಗೆ ಬರ್ತಾರೆ. ಆದರೆ ಡ್ಯಾಮಿನ ಗೇಟು ಮುರಿದಾಗ ನಿವೃತ್ತಿಯ ವಯಸ್ಸು ದಾಟಿದ ಒಬ್ಬರ ಮನೆಗೆ ಫೋನ್ ಮಾಡಬೇಕಾಯ್ತು. ಅವರ ನಂತರ ಯಾರು?

ನೋಡಿ, ಬಿಇ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಿಸುತ್ತದೆ. ಒಂದೇ ವಿಷಯದ ಆಳಕ್ಕೆ ಇಳಿಯೋದು ಎಂಟೆಕ್‌ನಲ್ಲಿ. ಹೈಡ್ರಾಲಿಕ್ಸ್, ಸ್ಟ್ರಕ್ಚರಲ್, ಜಿಯೋಟೆಕ್ನಿಕಲ್ ಅಂತ ಹೆಸರುಗಳಿವೆಯಲ್ಲ, ಅವು ಬರೀ ಬ್ರಾಂಚಿನ ಹೆಸರುಗಳಲ್ಲ. ಸಿದ್ದಾಪುರದ ಗದ್ದೆ ಬದುವಿನ ಮೇಲೆ ನಿಂತರೆ ಎಲ್ಲವೂ ಕಣ್ಣೆದುರಿಗೇ ಕಾಣುತ್ತವೆ.

133 ಟಿಎಂಸಿ ಹಿಡಿಯಬೇಕಿದ್ದ ಡ್ಯಾಮು ಈಗ ಹಿಡಿಯೋದು ಸುಮಾರು 105. ಉಳಿದ ಜಾಗದಲ್ಲಿ ಹೂಳು ಕೂತಿದೆ. ಅದಕ್ಕೇನು ಪರಿಹಾರ? ನವಲಿ ಬಳಿ ಸಮಾನಾಂತರ ಜಲಾಶಯ ಅಂತ ವರ್ಷಗಳಿಂದ ಮಾತಾಡ್ತಿದ್ದಾರೆ. ಅದರ ಲೆಕ್ಕ ಸರಿಯಾ, ತಪ್ಪಾ, ಹೇಳೋರು ಯಾರು? ಮೇಲ್ಭಾಗದಲ್ಲಿ ನೀರು ಹೆಚ್ಚಾಗಿ ಗದ್ದೆ ಸವಳು-ಜವಳು ಆಗ್ತಿದೆ, ಕೊನೆ ಭಾಗದ ರೈತನಿಗೆ ನೀರೇ ಮುಟ್ಟಲ್ಲ. ಒಂದೇ ಕಾಲುವೆ, ಎರಡು ಕಷ್ಟ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿಯ ಮೇಲೆ ಕೆಲಸ ನಡೆಯುತ್ತಲೇ ಇದೆ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಮಣ್ಣು ಮತ್ತು ನೀರಿನ ಇಂಜಿನಿಯರಿಂಗ್‌ನಲ್ಲೇ ಎಂಟೆಕ್ ಇದೆ, ಕೃಷಿ ಇಂಜಿನಿಯರಿಂಗ್ ಓದಿದವರಿಗೆ. ರೈಸ್ ಮಿಲ್ಲಿನ ಹಿಂದೆ ರಾಶಿ ಬಿದ್ದಿರುವ ಹೊಟ್ಟಿನ ಬೂದಿ ಇದೆಯಲ್ಲ, ಸರಿಯಾಗಿ ಸುಟ್ಟು ಅರೆದರೆ ಅದು ಕಾಂಕ್ರೀಟಿನಲ್ಲಿ ಒಂದಿಷ್ಟು ಸಿಮೆಂಟಿನ ಜಾಗ ತುಂಬುತ್ತದೆ. ಪ್ರಾಜೆಕ್ಟ್ ಕೊಂಡುಕೊಳ್ಳೋಕೆ ಬೆಂಗಳೂರಿಗೆ ಯಾಕಪ್ಪಾ ಹೋಗಬೇಕು? ಮಿಲ್ಲಿನ ಹಿತ್ತಲಲ್ಲೇ ಇದೆ!

ಈಗ ದುಡ್ಡಿನ ಮಾತು. ಯಾಕಂದ್ರೆ ಆ ಅಪ್ಪ ಕೇಳದೆ ಬಿಟ್ಟ ಪ್ರಶ್ನೆ ಅದೇ.

ಗೇಟ್ ಪರೀಕ್ಷೆ ಅಂತ ಒಂದಿದೆ. ವರ್ಷಕ್ಕೊಮ್ಮೆ ಫೆಬ್ರವರಿಯಲ್ಲಿ ನಡೆಯುತ್ತದೆ, ಬಿಇ ಮೂರನೇ ವರ್ಷದಲ್ಲೇ ಬರೆಯಬಹುದು, ಸ್ಕೋರ್ ಮೂರು ವರ್ಷ ನಡೆಯುತ್ತದೆ. ಗೇಟ್ ಅರ್ಹತೆ ಪಡೆದು, ಎಐಸಿಟಿಇ ಮಾನ್ಯತೆಯ ಕಾಲೇಜಿನಲ್ಲಿ ಪೂರ್ಣಾವಧಿ ಎಂಟೆಕ್ ಸೇರಿದರೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್. 24 ತಿಂಗಳಿಗೆ ಲೆಕ್ಕ ಹಾಕಿ: 2 ಲಕ್ಷ 97 ಸಾವಿರದ 600. ಅಪ್ಪ ಸಾಲ ಮಾಡಬೇಕಾ ಬೇಡವಾ ಅನ್ನೋದನ್ನ ನಿರ್ಧರಿಸೋ ಮೊತ್ತ ಇದು. ಗೇಟ್ ಇಲ್ಲದವರಿಗೆ ಕೆಇಎ ನಡೆಸುವ ಪಿಜಿಸಿಇಟಿ ಇದೆ. ಸೀಟು ಸಿಗುತ್ತೆ, ಈ ಸ್ಟೈಪೆಂಡ್ ಸಿಗಲ್ಲ. ಕಲ್ಯಾಣ ಕರ್ನಾಟಕದ ಮಕ್ಕಳಿಗೆ 371ಜೆ ಇದೆ. ಈ ಭಾಗದ ಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಉಳಿದ ಕಡೆ ಶೇ. 8. ಅದರ ಪ್ರಮಾಣಪತ್ರವನ್ನು ಕೌನ್ಸೆಲಿಂಗ್ ಹಿಂದಿನ ದಿನ ಹುಡುಕಬೇಡಿ, ಈಗಲೇ ಮಾಡಿಸಿಟ್ಟುಕೊಳ್ಳಿ.

ಸರ್ಕಾರಕ್ಕೂ ಒಂದು ಮಾತು. ಆ 12,400 ನಿಗದಿಯಾಗಿ ಹತ್ತು ವರ್ಷ ಆಯ್ತು. ಹತ್ತು ವರ್ಷದಲ್ಲಿ ಹಾಸ್ಟೆಲ್ ಊಟ ಎಷ್ಟಾಗಿದೆ, ಬಸ್ ಚಾರ್ಜ್ ಎಷ್ಟಾಗಿದೆ, ಸ್ವಾಮಿ? ಡ್ಯಾಮಿನ ಚೈನ್ ಸವೆಯುವವರೆಗೆ ಸುಮ್ಮನಿದ್ದು ಕಟ್ ಆದಮೇಲೆ ಓಡುವುದು ನಿಮ್ಮ ಅಭ್ಯಾಸ. ಇಂಜಿನಿಯರ್‌ಗಳನ್ನು ತಯಾರು ಮಾಡುವುದರಲ್ಲೂ ಅದೇ ಅಭ್ಯಾಸ ಆದರೆ ಹೇಗೆ?

ಕೊನೆಗೆ, ಎಂಟೆಕ್ ಫಾರ್ಮ್ ತುಂಬೋಕೆ ಕೂತಿರುವ ಹುಡುಗ ಹುಡುಗಿಯರೇ, ಒಂದು ಕೆಲಸ ಮಾಡಿ. ಕಾಲೇಜಿನ ಹೆಸರು ಬರೆಯೋಕೆ ಮುಂಚೆ ಒಂದು ಹಾಳೆ ಮೇಲೆ ನಿಮ್ಮ ಪ್ರಶ್ನೆ ಬರೆಯಿರಿ. ಎರಡು ವರ್ಷ ಯಾವುದಕ್ಕೆ ಉತ್ತರ ಹುಡುಕ್ತೀರಿ? ಪ್ರಶ್ನೆ ಹೊಳೆದರೆ ಹೋಗಿ, ಧೈರ್ಯವಾಗಿ ಹೋಗಿ. ಹೊಳೆಯದಿದ್ದರೆ ಒಂದು ವರ್ಷ ಸೈಟಿನಲ್ಲಿ ದುಡಿಯಿರಿ, ಪ್ರಶ್ನೆ ತಾನಾಗಿ ಸಿಗುತ್ತದೆ. ನಾಚಿಕೆ ಏನಿಲ್ಲ.

ಅವತ್ತು ಆ ಮಗಳು ಅಪ್ಪನಿಗೆ ಹೀಗೆ ಹೇಳಬೇಕು: ‘ಅಪ್ಪಾ, ನಮ್ಮ ಕಾಲುವಿ ನೀರು ಎಲ್ಲಿ ಹೋಗ್ತದ ಅಂತ ಓದ್ತೀನಿ.’ ಯಾವ ಅಪ್ಪ ಬೇಡ ಅಂತಾನೆ ಹೇಳಿ?

ಯೋಚನೆ ಮಾಡಿ.